ಮೈಕ್ರೋಸಾಫ್ಟ್ ಅನ್ನು ಇನ್ನು ಎಷ್ಟು ನಂಬಬಹುದು? ಹಳೆ ಬಳಕೆದಾರರು ಹೇಳಿ

ಪ್ರಶ್ನೆ:
ವಿಂಡೋಸ್ 95ರ ಕಾಲದಿಂದ ಬಳಸುತ್ತಿರುವವರ ಅಭಿಪ್ರಾಯ ಬೇಕಿತ್ತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 7ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಗಟ್ಟಿಮುಟ್ಟಾದ ಯಂತ್ರಕ್ಕೂ ವಿಂಡೋಸ್ 11 ಹಾಕಲಾಗದಂತೆ. ಹೊಸದು ಕೊಂಡರೆ ಮೊದಲು ಕೇಳುವುದೇ ಮೈಕ್ರೋಸಾಫ್ಟ್ ಖಾತೆ. ಈ ಕಂಪನಿಯನ್ನು ಬಿಡುವುದೋ, ಎಚ್ಚರದಿಂದ ಇಲ್ಲೇ ಇರುವುದೋ?

ಉತ್ತರ 1:
ಇಲ್ಲೇ ಇರಿ, ಆದರೆ ಅವರು ಮೊದಲೇ ಆನ್ ಮಾಡಿಟ್ಟ ಯಾವುದನ್ನೂ ಪರೀಕ್ಷಿಸದೆ ಬಿಡಬೇಡಿ. ಹಳೆಯದನ್ನು ಕೈಬಿಡದಿರುವುದು ಈ ಕಂಪನಿಯ ದೊಡ್ಡ ಗುಣ. 1990ರ ದಶಕದ ಎಷ್ಟೋ 32 ಬಿಟ್ ಪ್ರೋಗ್ರಾಂಗಳು ವಿಂಡೋಸ್ 11ರಲ್ಲೂ ಓಡುತ್ತವೆ (16 ಬಿಟ್‌ನವು ಓಡುವುದಿಲ್ಲ), ಹಳೆಯ ಡಾಕ್ ಫೈಲುಗಳು ಇಂದಿನ ವರ್ಡ್‌ನಲ್ಲೂ ತೆರೆಯುತ್ತವೆ. ಇದನ್ನು ಇಷ್ಟು ದೀರ್ಘಕಾಲ ನಿಭಾಯಿಸಿದವರು ಕಡಿಮೆ. ಅದೇ ಕಂಪನಿ ಯಂತ್ರಾಂಶದ ವಿಷಯದಲ್ಲಿ ಮಾತ್ರ ಗೆರೆ ಎಳೆದುಬಿಟ್ಟಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಪಾಡುವ ಭದ್ರತಾ ಸೌಲಭ್ಯ) ನಿಮ್ಮ ಐ5ರಲ್ಲಿ ಇರುತ್ತದೆ, ಬಯಾಸ್‌ನಲ್ಲಿ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಪಿಟಿಟಿ ಎಂಬ ಆಯ್ಕೆಯನ್ನು ಆನ್ ಮಾಡಿದರೆ ಸಾಕು. ಅಡ್ಡ ಬರುವುದು ಪ್ರೊಸೆಸರ್ ಪಟ್ಟಿಯೊಂದೇ: ಇಂಟೆಲ್‌ನಲ್ಲಿ ಕೆಲವೇ ಅಪವಾದ ಬಿಟ್ಟರೆ 8ನೇ ತಲೆಮಾರಿನಿಂದ ಈಚಿನದು ಬೇಕು. ಇದು ನನ್ನ ಮಟ್ಟಿಗೆ ಅನ್ಯಾಯವೇ.

ಸದ್ಯಕ್ಕೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಇಎಸ್‌ಯು (ಬೆಂಬಲ ಮುಗಿದ ಮೇಲೂ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆ) ನೋಂದಣಿಯ ಕೊಂಡಿ ಹುಡುಕಿ. 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳು ಬರುತ್ತವೆ. ನಿಮ್ಮ ವಿಂಡೋಸ್ 10 ಆವೃತ್ತಿ 22ಎಚ್2 ಆಗಿರಬೇಕು. ವಿಂಡೋಸ್ ಬ್ಯಾಕಪ್ ಮೂಲಕ ಸೆಟ್ಟಿಂಗ್ ಸಿಂಕ್ ಮಾಡಿದರೆ ದುಡ್ಡಿಲ್ಲ, ಇಲ್ಲದಿದ್ದರೆ 30 ಡಾಲರ್. ದುಡ್ಡು ಕೊಟ್ಟರೂ ಖಾತೆಯಿಂದ ಲಾಗಿನ್ ಆಗಲೇಬೇಕು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ನಿಜವಾಗಿ ಹೆದರಬೇಕಾದದ್ದು ಬಿಟ್‌ಲಾಕರ್‌ಗೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಡ್ರೈವ್‌ಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸ್ ಸೌಲಭ್ಯಕ್ಕೆ. ವಿಂಡೋಸ್ 11ರ 24ಎಚ್2 ಆವೃತ್ತಿ ಹೊಸದಾಗಿ ಹಾಕಿ ಖಾತೆಯಿಂದ ಲಾಗಿನ್ ಆದರೆ, ಹೋಮ್ ಆವೃತ್ತಿಯಲ್ಲೂ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಬಹುದು. ಬಿಡಿಸುವ 48 ಅಂಕಿಯ ಕೀ ಆ ಖಾತೆಯಲ್ಲಿ ಕೂತಿರುತ್ತದೆ. ಮುಂದೆ ಬಯಾಸ್ ಅಪ್‌ಡೇಟ್ ಮಾಡಿದಾಗಲೋ ಮದರ್‌ಬೋರ್ಡ್ ಬದಲಿಸಿದಾಗಲೋ ನೀಲಿ ಪರದೆ ಕೀ ಕೇಳುತ್ತದೆ. ಖಾತೆಯ ಪಾಸ್‌ವರ್ಡ್ ಮರೆತು, ಅದನ್ನು ಮರುಹೊಂದಿಸಲೂ ಆಗದೆ, ಕೀ ಬೇರೆಲ್ಲೂ ಬರೆದಿಡದಿದ್ದರೆ ಆ ಡೇಟಾ ಹೋದಂತೆಯೇ, ಯಾವ ರಿಕವರಿ ಅಂಗಡಿಯವರೂ ತೆಗೆದುಕೊಡಲಾರರು. ಕಳುವಾದ ಲ್ಯಾಪ್‌ಟಾಪ್‌ಗೆ ಇದು ಒಳ್ಳೆಯ ರಕ್ಷಣೆ, ಒಪ್ಪುತ್ತೇನೆ. ಆದರೆ ಕೀಯನ್ನು ಕಾಗದದಲ್ಲಿ ಬರೆಸದೆ ಬೀಗ ಹಾಕುವುದು ತಪ್ಪು.

ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು "ಮ್ಯಾನೇಜ್-ಬಿಡಿಇ -ಪ್ರೊಟೆಕ್ಟರ್ಸ್ -ಗೆಟ್ ಸಿ:" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ನ್ಯೂಮರಿಕಲ್ ಪಾಸ್‌ವರ್ಡ್ ಅಡಿಯಲ್ಲಿ ಕಾಣುವುದೇ ಕೀ. ಜೊತೆಗಿರುವ ಐಡಿಯನ್ನೂ ಬರೆದುಕೊಳ್ಳಿ, ನೀಲಿ ಪರದೆ ತೋರಿಸುವುದು ಆ ಐಡಿಯನ್ನೇ. ಬಯಾಸ್ ಅಪ್‌ಡೇಟ್‌ಗೆ ಮುಂಚೆ ಅದೇ ಆಜ್ಞೆಯಲ್ಲಿ "ಗೆಟ್" ಬದಲು "ಡಿಸೇಬಲ್" ಹಾಕಿ ರಕ್ಷಣೆ ತಾತ್ಕಾಲಿಕವಾಗಿ ನಿಲ್ಲಿಸಿ.

ಉತ್ತರ 3:
ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ ಒನ್‌ಡ್ರೈವ್ ಬಗ್ಗೆ ಹೇಳುವುದನ್ನು ಮರೆತಿರಿ. ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ತನ್ನ ಫೋಲ್ಡರ್‌ಗೆ ಎಳೆದುಕೊಳ್ಳುತ್ತದೆ. ಉಚಿತ ಜಾಗ 5 ಜಿಬಿ ಮಾತ್ರ. ತುಂಬಿದ ಮೇಲೆ ಸಿಂಕ್ ನಿಲ್ಲುತ್ತದೆ, ಬ್ಯಾಕಪ್ ಆಗುತ್ತಲೇ ಇದೆ ಎಂದು ಜನ ನಂಬಿಕೊಂಡಿರುತ್ತಾರೆ. ಬಿಡಿಸಿಕೊಳ್ಳುವಾಗ ಕ್ರಮ ಮುಖ್ಯ. ಮೊದಲು ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ "ಯಾವಾಗಲೂ ಈ ಸಾಧನದಲ್ಲಿ ಇರಿಸು" ಆಯ್ದುಕೊಳ್ಳಿ, ಮೋಡದ ಗುರುತೆಲ್ಲ ಹಸಿರು ಟಿಕ್ ಆಗುವವರೆಗೆ ಕಾಯಿರಿ. ಆಮೇಲೆ ಒನ್‌ಡ್ರೈವ್ ಸೆಟ್ಟಿಂಗ್ಸ್‌ನ "ಸಿಂಕ್ ಮತ್ತು ಬ್ಯಾಕಪ್" ವಿಭಾಗದಲ್ಲಿ ಮೂರನ್ನೂ ಆಫ್ ಮಾಡಿ. ಡೆಸ್ಕ್‌ಟಾಪ್ ಖಾಲಿ ಕಂಡರೆ ಗಾಬರಿಯಾಗಬೇಡಿ, ಫೈಲುಗಳು ಒನ್‌ಡ್ರೈವ್ ಫೋಲ್ಡರ್‌ನಲ್ಲೇ ಇರುತ್ತವೆ. ಕೈಯಾರೆ ಹಿಂದಕ್ಕೆ ಸರಿಸಿ. ಅವಸರಪಟ್ಟು ಅಲ್ಲಿಂದ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಹಳೆ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ (ಉಚಿತ ಕಾರ್ಯಾಚರಣಾ ವ್ಯವಸ್ಥೆ) ಹಾಕಿದರೆ?

ಉತ್ತರ 1:
ಬ್ರೌಸರ್, ಮೇಲ್, ಸರಳ ದಾಖಲೆ ಇಷ್ಟೇ ಆದರೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು. ನಿಮ್ಮನ್ನು ಹಿಡಿದಿಡುವುದು ವಿಂಡೋಸ್ ಅಲ್ಲ, ಎಕ್ಸೆಲ್ ಮ್ಯಾಕ್ರೋಗಳು. ವಿಬಿಎ (ಮ್ಯಾಕ್ರೋ ಬರೆಯುವ ಭಾಷೆ) ಬರೆದ ಹಾಳೆಗಳು ಲಿನಕ್ಸ್‌ನಲ್ಲಿ ಬಳಸುವ ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಅರ್ಧಂಬರ್ಧ ಓಡುತ್ತವೆ. ಪೆನ್‌ಡ್ರೈವ್‌ನಿಂದ ಲೈವ್ ಆಗಿ (ಡಿಸ್ಕ್‌ಗೆ ಹಾಕದೆಯೇ) ಬೂಟ್ ಮಾಡಿ, ಪ್ರಿಂಟರ್, ವೈಫೈ, ನಿಮ್ಮ ಅತಿ ಜಟಿಲವಾದ ಎಕ್ಸೆಲ್ ಫೈಲು ಮೂರನ್ನೂ ನೋಡಿದ ಮೇಲೆಯೇ ಡಿಸ್ಕ್ ಮುಟ್ಟಿ.