1927ರ ಯಾಂಕೀಸ್ ಸೀಸನ್ ಡೈಸ್‌ನಲ್ಲಿ ಪುನಃ ಆಡುವುದು: ಪಿಚರ್ ಲೆಕ್ಕ, ಕಾರ್ಡ್ ಮತ್ತು ಮಳೆಗಾಲ

ಕದ್ರಿ_ಡಗೌಟ್
ನನ್ನಲ್ಲಿ ಸ್ಟ್ರ್ಯಾಟ್-ಓ-ಮ್ಯಾಟಿಕ್ ಅಂತ ಆಟಗಾರರ ಕಾರ್ಡ್ ಮತ್ತು ಡೈಸ್‌ನಲ್ಲಿ ಆಡುವ ಬೇಸ್‌ಬಾಲ್ ಆಟದ 1927ರ ಕಾರ್ಡ್ ಸೆಟ್ ಉಂಟು, ಅಮೆರಿಕನ್ ಲೀಗಿನ ಎಂಟೂ ತಂಡ. ಒಬ್ಬನೇ ಆಡುವುದು. ಎಂಟೂ ತಂಡದ ಆಟ ಆಡಬೇಕಾ, ನ್ಯೂಯಾರ್ಕ್ ಯಾಂಕೀಸ್‌ನದ್ದು ಮಾತ್ರ ಸಾಕಾ? ಅವರ ಪಿಚರ್ (ಚೆಂಡು ಎಸೆಯುವವನು) ವಿಲ್ಸಿ ಮೂರ್‌ನ ಕಾರ್ಡ್ ಬಹಳ ಬಲವಾಗಿ ಉಂಟು, ಇಕ್ಕಟ್ಟು ಬಂದಾಗೆಲ್ಲ ಅವನನ್ನೇ ಇಳಿಸುವ ಅನ್ನಿಸ್ತದೆ. ಅದಕ್ಕೆ ಕಡಿವಾಣ ಹೇಗೆ? ಮತ್ತೆ, ಜೂನ್ ಬಂತೂಂದ್ರೆ ಮಂಗಳೂರಲ್ಲಿ ಕಾರ್ಡ್ ಸುಟ್ಟ ಹಪ್ಪಳದ ಹಾಗೆ ಮುರುಟಿಕೊಳ್ತದೆ, ಎಂತ ಮಾಡುವುದು? 20 ಮುಖದ ಡೈಸ್ ಸಹ ಇಲ್ಲ.

ಮಣ್ಣಗುಡ್ಡೆ_ಶಾರ್ಟ್‌ಸ್ಟಾಪ್
ಮೊದಲು ಗಂಟೆ ಲೆಕ್ಕ ಹಾಕಿ. ಆಗ ಒಂದು ತಂಡಕ್ಕೆ ಉಳಿದ 7 ತಂಡಗಳ ಜೊತೆ ತಲಾ 22 ಆಟ, ಅಂದ್ರೆ 154. ಇಡೀ ಲೀಗ್ ಅಂದ್ರೆ 616. ಸ್ಕೋರ್ ಬರೆಯುವುದೂ ಸೇರಿ ಆಟಕ್ಕೆ ಅರ್ಧ ಗಂಟೆ ಹಿಡಿದ್ರೆ ಯಾಂಕೀಸ್‌ನದ್ದು 77 ಗಂಟೆ, ಲೀಗ್ ಪೂರ್ತಿ 308 ಗಂಟೆ. ಯಾಂಕೀಸ್ ಮಾತ್ರ ಆಡಿ, ಬೇರೆ ತಂಡಗಳು ತಮ್ಮೊಳಗೆ ಆಡಿದ ಆಟಗಳಿಗೆ ನಿಜವಾದ ಫಲಿತಾಂಶವನ್ನೇ ಹಾಕಿಕೊಳ್ಳಿ. ದಿನಾಂಕವಾರು ಪಟ್ಟಿ, ಡಬಲ್‌ಹೆಡರ್ (ಒಂದೇ ದಿನ ಎರಡು ಆಟ), ಯಾರು ಪಿಚ್ ಶುರು ಮಾಡಿದ್ರು ಎಲ್ಲ ರೆಟ್ರೋಶೀಟ್ ವೆಬ್‌ಸೈಟಿನಲ್ಲಿ ಧರ್ಮಕ್ಕೆ ಸಿಗ್ತದೆ.

ಒಂದು ಮಾತು ಮೊದಲೇ ಹೇಳ್ತೇನೆ. ಯಾಂಕೀಸ್ 110-44, ಎರಡನೇ ಸ್ಥಾನದ ಫಿಲಡೆಲ್ಫಿಯಾ 19 ಆಟ ಹಿಂದೆ. ಪೈಪೋಟಿ ಅಂತ ಎಂತದ್ದೂ ಇಲ್ಲ. ಅದು ಬೇಕಾದ್ರೆ ಅದೇ ವರ್ಷದ ನ್ಯಾಷನಲ್ ಲೀಗ್ ನೋಡಿ: ಪಿಟ್ಸ್‌ಬರ್ಗ್ 94-60, ಸೇಂಟ್ ಲೂಯಿಸ್ 92-61, ಜೈಂಟ್ಸ್ 92-62.

ಡೆಸಿಗ್ನೇಟೆಡ್ ಹಿಟರ್ (ಪಿಚರ್ ಬದಲು ಬ್ಯಾಟ್ ಮಾತ್ರ ಮಾಡುವವನು) ಹಾಕಿ ಮಾತ್ರ ಆಡಬೇಡಿ. ಅದು ಬಂದದ್ದು 1973ರಲ್ಲಿ. 1927ರಲ್ಲಿ ಪಿಚರೇ ಬ್ಯಾಟ್ ಹಿಡಿಯಬೇಕು. ಏಳನೇ ಇನಿಂಗ್ಸ್‌ನಲ್ಲಿ ಪಿಚರ್ ಬ್ಯಾಟಿಂಗಿಗೆ ಬಂದಾಗ ಅವನನ್ನು ತೆಗೆಯುವುದಾ ಬಿಡುವುದಾ ಎಂಬುದರಲ್ಲೇ ಈ ಆಟದ ಅರ್ಧ ರುಚಿ ಇರುವುದು.

ಮಲ್ಪೆ_ಬುಲ್‌ಪೆನ್
ಮೂರ್ ವಿಷಯಕ್ಕೆ ಬರುವ. ಆ ವರ್ಷ ಅವನು ಇಳಿದದ್ದು 50 ಆಟ. ಅದರಲ್ಲಿ 12 ಮಾತ್ರ ಶುರುವಿನಿಂದ, ಉಳಿದ 38 ನಡುವಿನಲ್ಲಿ. ಒಟ್ಟು 213 ಇನಿಂಗ್ಸ್. ಆಟದ ಸಂಖ್ಯೆ ಮಾತ್ರ ಎಣಿಸಿದ್ರೆ ಮೋಸ ಹೋಗ್ತೀರಿ, ಯಾಕಂದ್ರೆ ಒಂದೊಂದು ಸಲಕ್ಕೆ ಐದೈದು ಇನಿಂಗ್ಸ್ ಎಳೆಸಬಹುದು. ಇನಿಂಗ್ಸನ್ನೇ ಎಣಿಸಿ. 213ನ್ನು ಮುಗಿದ ಆಟಗಳಿಂದ ಗುಣಿಸಿ 154ರಿಂದ ಭಾಗಿಸಿ; 50 ಆಟ ಮುಗಿದಾಗ 69 ಬರ್ತದೆ. ಅದಕ್ಕೆ 10 ಸಡಿಲ ಕೊಡಿ. 79 ದಾಟಿದ್ನಾ, ಲೆಕ್ಕ ಪುನಃ ಒಳಗೆ ಬರುವವರೆಗೆ ಬೆಂಚಿನಲ್ಲಿ ಕೂರಲಿ.

ಹಾಯ್ಟ್, ಪೆನಾಕ್, ಶಾಕರ್, ರೂಥರ್, ಪಿಪ್‌ಗ್ರಾಸ್, ಯಾಂಕೀಸ್‌ನ ಈ ಪಿಚರ್‌ಗಳಿಗೆ ನಿಜವಾಗಿ ಶುರು ಮಾಡಿದ ದಿನಗಳನ್ನೇ ಕೊಟ್ರೆ ತಲೆಬಿಸಿ ಕಮ್ಮಿ. ಇದರಲ್ಲೂ ಒಂದು ಗುಂಡಿ ಉಂಟು. ನಿಜದಲ್ಲಿ ಒಬ್ಬ ಮೊದಲ ಇನಿಂಗ್ಸಲ್ಲೇ ಹೊಡೆಸಿಕೊಂಡು ಹೊರಗೆ ಹೋಗಿ ಎರಡು ದಿನ ಬಿಟ್ಟು ಪುನಃ ಶುರು ಮಾಡಿರ್ತಾನೆ. ನಿಮ್ಮ ಟೇಬಲಿನಲ್ಲಿ ಅವನು ಅದೇ ಆಟ ಒಂಬತ್ತು ಇನಿಂಗ್ಸ್ ಮುಗಿಸಿರಬಹುದು. ಆಗ ಪಟ್ಟಿ ಬಿಟ್ಟು ಸರದಿಯ ಮುಂದಿನವನನ್ನು ಇಳಿಸಿ.

ಬ್ಯಾಟರ್‌ಗಳ ಮಿತಿಯನ್ನು ಅಟ್-ಬ್ಯಾಟ್‌ನಲ್ಲಿ (ವಾಕ್ ಇತ್ಯಾದಿ ಬಿಟ್ಟು ಎಣಿಸುವ ಬ್ಯಾಟಿಂಗ್ ಸರದಿ) ಇಡಬೇಡಿ. ಯಾಂಕೀಸ್‌ನ ಬೇಬ್ ರೂತ್‌ನ ಅಟ್-ಬ್ಯಾಟ್ 540, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್) 137. ವಾಕ್ ಬಿಟ್ಟು ಲೆಕ್ಕ ಮಾಡಿದ್ರೆ ಅವನ ಸರದಿ ಐದರಲ್ಲೊಂದು ಪಾಲು ಮಾಯ. ಎರಡೂ ಕೂಡಿಸಿ, ಮೇಲೆ ನೂರಕ್ಕೆ ಐದು ಸಡಿಲ ಸಾಕು.

ಉಡುಪಿ_ಕ್ಯಾಚರ್
ಕಾರ್ಡ್ ಲ್ಯಾಮಿನೇಟ್ ಮಾಡಿಸ್ಲಿಕ್ಕೆ ಹೋಗಬೇಡಿ. ಕಟ್ಟು ದಪ್ಪ ಆಗ್ತದೆ, ಜಾರ್ತದೆ, ಅಂಚು ಒತ್ತಿ ಕತ್ತರಿಸಿದಲ್ಲಿ ತೇವ ಒಳಗೆ ಹೋಗಿ ಗುಳ್ಳೆ ಏಳ್ತದೆ. ತಂಡಕ್ಕೊಂದು ಜಿಪ್ ಕವರ್, ಎಲ್ಲ ಸೇರಿ ರಬ್ಬರ್ ಅಂಚಿನ ಗಟ್ಟಿ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಆದ್ರೆ ತೇವ ತುಂಬಿತು ಅಂತ; ಬಿಸಿ ಮಾಡಿದ್ರೆ ಪುನಃ ನೀಲಿ ಆಗ್ತದೆ. ಅಡುಗೆಯ ಬಾಣಲೆಯಲ್ಲಿ ಬೇಡ, ಆ ನೀಲಿ ಕೋಬಾಲ್ಟ್‌ನದ್ದು. ಸ್ಕೋರ್ ಪೆನ್ಸಿಲಿನಲ್ಲೇ ಬರೆಯಿರಿ. ತೇವದ ಕಾಗದದಲ್ಲಿ ಜೆಲ್ ಪೆನ್ ಹರಡ್ತದೆ.

20 ಮುಖದ ಡೈಸ್‌ಗೆ ಅಂಗಡಿ ಸುತ್ತುವುದೇ ಬೇಡ ಮಾರಾಯ್ರೆ. ಹೌಸಿ ಹೌಸಿ ಸೆಟ್‌ನಿಂದ 1ರಿಂದ 20ರ ವರೆಗಿನ ಬಿಲ್ಲೆ ಚೀಲಕ್ಕೆ ಹಾಕಿ ಒಂದು ತೆಗೆಯಿರಿ, ನೋಡಿದ ಕೂಡಲೇ ಒಳಗೆ ಹಾಕಿ ಅಲ್ಲಾಡಿಸಿ. ಹೊರಗೆ ಬಿಟ್ರೆ ಉಳಿದ ಸಂಖ್ಯೆಗಳ ಸಾಧ್ಯತೆ ಏರ್ತಾ ಹೋಗ್ತದೆ. ಉಳಿದ ಮೂರು ಡೈಸ್‌ನಲ್ಲಿ ಒಂದು ಬೇರೆ ಬಣ್ಣದ್ದೇ ಆಗಬೇಕು: ಅದು 1ರಿಂದ 3 ಬಂದ್ರೆ ಬ್ಯಾಟರ್ ಕಾರ್ಡ್, 4ರಿಂದ 6 ಬಂದ್ರೆ ಪಿಚರ್ ಕಾರ್ಡ್. ಕೇರಂ ಬೋರ್ಡಿನ ಮೇಲೆ ಹಾಕಿ, ಡೈಸ್ ಕೆಳಗೆ ಉರುಳುವುದಿಲ್ಲ.

ಕದ್ರಿ_ಡಗೌಟ್
ಉಪಕಾರ ಆಯ್ತು. ಮತ್ತೊಂದು: ರೂತ್‌ಗೆ ಕೊನೆಗೆ ನಿಜದ ಹಾಗೆ 60 ಹೋಮ್‌ರನ್ ಬರದಿದ್ರೆ ಆಡಿದ್ದರಲ್ಲಿ ತಪ್ಪುಂಟು ಅಂತ ಅರ್ಥವಾ?

ಮಣ್ಣಗುಡ್ಡೆ_ಶಾರ್ಟ್‌ಸ್ಟಾಪ್
ಇಲ್ಲ. ಕಾರ್ಡ್ ಸರಿ ಇದ್ರೂ ಡೈಸ್‌ನ ಏರಿಳಿತ ಏಳೆಂಟು ಹೋಮ್‌ರನ್ ಇರ್ತದೆ. ಮೂರರಲ್ಲಿ ಎರಡು ಸೀಸನ್ 53ರಿಂದ 67ರೊಳಗೆ ಬೀಳ್ತದೆ, 48 ಬಂದ್ರೂ ಗಾಬರಿ ಬೇಡ. ತಂಡದ ಗೆಲುವಿಗೂ ಹಾಗೇ, 104ರಿಂದ 116 ಮಾಮೂಲು. 85ಕ್ಕೆ ಇಳಿದ್ರೆ ಮಾತ್ರ ಕಾರ್ಡ್ ಓದುವುದರಲ್ಲಿ ಎಲ್ಲೋ ತಪ್ಪುಂಟು. ಹೆಚ್ಚಾಗಿ ಬೇರೆ ಬಣ್ಣದ ಡೈಸನ್ನೂ ಉಳಿದೆರಡರ ಮೊತ್ತಕ್ಕೆ ಸೇರಿಸಿರ್ತಾರೆ.

ಬೇಸಿಕ್ ನಿಯಮದಲ್ಲಿ ಆಡುವುದಾದ್ರೆ ಯಾಂಕೀ ಸ್ಟೇಡಿಯಂ ಅಂತ ಬೇರೆ ಹೋಮ್‌ರನ್ ಸೇರಿಸಬೇಡಿ. 60ರಲ್ಲಿ ಅಲ್ಲಿ ಬಂದದ್ದು 28, ಹೊರಗೆ 32. ಕಾರ್ಡಿನಲ್ಲಿ ಎಲ್ಲ ಸೇರಿಯೇ ಇರ್ತದೆ.

ಮಲ್ಪೆ_ಬುಲ್‌ಪೆನ್
ಪ್ರತಿ ಆಟ ಮುಗಿದ ಮೇಲೆ ಪುಸ್ತಕ ಮುಚ್ಚುವ ಮೊದಲು ಎರಡೂ ತಂಡಕ್ಕೆ ಇದನ್ನು ತಾಳೆ ನೋಡಿ: ಅಟ್-ಬ್ಯಾಟ್, ವಾಕ್, ಮೈಗೆ ಚೆಂಡು ತಾಗಿ ಹೋದದ್ದು, ಸ್ಯಾಕ್ರಿಫೈಸ್ (ತಾನು ಔಟಾಗಿ ಬೇಸ್‌ನಲ್ಲಿದ್ದವನನ್ನು ಮುಂದೆ ಕಳಿಸಿದ್ದು) ಇವಿಷ್ಟರ ಮೊತ್ತ ಒಂದು ಕಡೆ, ರನ್, ಬೇಸ್‌ನಲ್ಲಿ ಉಳಿದವರು, ಔಟ್ ಆದವರು ಇನ್ನೊಂದು ಕಡೆ. ಎರಡೂ ಸಮ ಬರಲೇಬೇಕು. ಬರದಿದ್ರೆ ಅಲ್ಲೇ ಕೂತು ಹುಡುಕಿ. ವಾರ ಬಿಟ್ಟು ನೋಡಿದ್ರೆ ಯಾವ ಇನಿಂಗ್ಸಲ್ಲಿ ಬಿಟ್ಟುಹೋಯ್ತು ಅಂತ ಸಿಗ್ಲಿಕ್ಕಿಲ್ಲ.