‘ತಲಾ ಆದಾಯ’ ಅಂದರೆ ಯಾರ ಆದಾಯ?

ಗೆಳೆಯರೇ, ಒಂದು ಪದಕ್ಕೆ ನಿಮ್ಮ ಸಹಾಯ ಬೇಕು. ನಾವು ಹಾಕುವ ಫೋಟೊ, ಒತ್ತುವ ಲೈಕು, ಸುಮ್ನೆ ನಿಂತು ನೋಡುವ ವಿಡಿಯೊ ಇವುಗಳಿಂದ ಫೇಸ್‌ಬುಕ್‌ನಂಥ ಕಂಪನಿಗೆ ಎಷ್ಟು ದುಡ್ಡು ಹುಟ್ಟುತ್ತದೆ ಅನ್ನುವ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವುದು ‘ಆವರೇಜ್ ರೆವೆನ್ಯೂ ಪರ್ ಯೂಸರ್’, ಎಆರ್‌ಪಿಯು. ಮೂರು ತಿಂಗಳ ಒಟ್ಟು ವರಮಾನವನ್ನು ಆ ಅವಧಿಯ ಸರಾಸರಿ ಬಳಕೆದಾರರ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿ, ಅಷ್ಟೇ. ಕನ್ನಡದಲ್ಲಿ ಏನನ್ನೋಣ?

ಮೊದಲು ನಾಲಿಗೆಗೆ ಬರುವುದು ‘ತಲಾ ಆದಾಯ’. ತೊಂದರೆ ಇರುವುದೂ ಅಲ್ಲೇ. ಕರ್ನಾಟಕದ ತಲಾ ಆದಾಯ ಅಂದಾಗ ಆ ತಲೆಯೇ ದುಡಿದದ್ದು, ಆ ತಲೆಗೇ ಸೇರಿದ್ದು ಅನ್ನುವ ಅರ್ಥ ಬರುತ್ತದೆ. ಇಲ್ಲಿ ದುಡ್ಡು ಕಂಪನಿಗೆ ಹೋಗುತ್ತದೆ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್‌ನ ಈ ಅಂಕಿ ಅಮೆರಿಕ-ಕೆನಡಾದಲ್ಲಿ ಸುಮಾರು 68 ಡಾಲರ್, ನಾವಿರುವ ಏಷ್ಯಾ-ಪೆಸಿಫಿಕ್ ಭಾಗದಲ್ಲಿ ಐದೂವರೆ ಡಾಲರ್. ಇದನ್ನು ‘ಫೇಸ್‌ಬುಕ್ ಬಳಕೆದಾರರ ತಲಾ ಆದಾಯ’ ಅಂತ ಬರೆದರೆ ಅಮೆರಿಕದವರಿಗೆ ಮನೆಗೆ ಚೆಕ್ ಬರುತ್ತದೆ ಅಂದುಕೊಳ್ಳುವುದಿಲ್ವಾ ಓದುವವರು?

ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಮೊಬೈಲ್ ಕಂಪನಿಗಳ ಸುದ್ದಿಗೆ ‘ಪ್ರತಿ ಗ್ರಾಹಕರಿಂದ ಬರುವ ಸರಾಸರಿ ವರಮಾನ’ ಅಂತ ಬರೆಯುತ್ತಾರೆ. ಉದ್ದವಾದರೂ ಸರಿಯಾಗಿದೆ, ಯಾಕೆಂದರೆ ರೀಚಾರ್ಜ್ ಮಾಡಿಸಿದವನೇ ಗ್ರಾಹಕ. ಫೇಸ್‌ಬುಕ್‌ಗೆ ನಾವು ಗ್ರಾಹಕರೇ ಅಲ್ಲ, ಜಾಹೀರಾತು ಕೊಡುವವರು ಗ್ರಾಹಕರು. ಹಾಗಾಗಿ ಆ ವಾಕ್ಯವನ್ನು ಇದ್ದಹಾಗೇ ಎತ್ತಿ ಇಲ್ಲಿ ಇಡಲು ಬರುವುದಿಲ್ಲ.

‘ಡೇಟಾದ ಬೆಲೆ’ ಅನ್ನಬಹುದು ಅಂತ ಒಬ್ಬ ಸ್ನೇಹಿತರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಫೇಸ್‌ಬುಕ್ ಜಾಹೀರಾತುದಾರರಿಗೆ ಮಾರುವುದು ನಮ್ಮ ಡೇಟಾವನ್ನಲ್ಲ, ಆ ಡೇಟಾ ನೋಡಿ ಆರಿಸಿದ ಕಣ್ಣುಗಳ ಮುಂದಿನ ಜಾಗವನ್ನು, ಅದೂ ಹರಾಜಿನಲ್ಲಿ. ಅಮೆರಿಕದಲ್ಲಿ ಕೂಗುವವರು ಜಾಸ್ತಿ ಕೂಗುತ್ತಾರೆ, ಅದಕ್ಕೇ ಅಲ್ಲಿ ಅಂಕಿ ದೊಡ್ಡದು. ನಮ್ಮ ಮದುವೆ ಫೋಟೊ ಅಗ್ಗ ಅಂತೇನೂ ಅಲ್ಲ. ‘ಬೆಲೆ’ ಅನ್ನುವ ಮಾತು ಚೆನ್ನಾಗಿ ಕೂರುವುದು ಇಡೀ ಅಂಗಡಿಯನ್ನೇ ಮಾರಿದಾಗ. 2014ರಲ್ಲಿ ಫೇಸ್‌ಬುಕ್ ವಾಟ್ಸಾಪನ್ನು 1,900 ಕೋಟಿ ಡಾಲರಿಗೆ ಕೊಳ್ಳುತ್ತೇನೆ ಅಂದಾಗ ಅದನ್ನು ಬಳಸುತ್ತಿದ್ದವರು ಸುಮಾರು 45 ಕೋಟಿ, ಅಂದರೆ ತಲೆಗೆ 42 ಡಾಲರ್. ಅದರಲ್ಲಿ ಆಗ ಜಾಹೀರಾತೇ ಇರಲಿಲ್ಲ, ಆದರೂ ತಲೆಗೆ ಇಷ್ಟು ಅಂತ ಬೆಲೆ ಬಿತ್ತು. ಇದು ಬೇರೆ ಲೆಕ್ಕ, ಎಆರ್‌ಪಿಯು ಬೇರೆ ಲೆಕ್ಕ. ಎರಡಕ್ಕೂ ಒಂದೇ ಪದ ಬಳಸಿದರೆ ಬರಹ ಕೆಡುತ್ತದೆ. ‘ಮೌಲ್ಯ’ ಅಂತೂ ಬೇಡ, ‘ಬಳಕೆದಾರರ ಮೌಲ್ಯ’ ಅಂದರೆ ನೀತಿಪಾಠ ಶುರುವಾಯಿತು ಅನಿಸುತ್ತದೆ.

ನನ್ನ ಮನಸ್ಸು ವಾಲಿರುವುದು ‘ಹುಟ್ಟುವಳಿ’ ಕಡೆಗೆ. ಜಮೀನಿನ ಹುಟ್ಟುವಳಿ, ಅಂದರೆ ಜಮೀನಿನಿಂದ ಹುಟ್ಟುವ ಆದಾಯ, ಅಂದಾಗ ಜಮೀನೇ ಕೂತು ದುಡ್ಡು ಎಣಿಸುತ್ತದೆ ಅಂತ ಯಾರೂ ತಿಳಿಯುವುದಿಲ್ಲ. ಹುಟ್ಟುವುದು ಒಂದು ಕಡೆ, ತೆಗೆದುಕೊಳ್ಳುವವರು ಇನ್ನೊಂದು ಕಡೆ ಅನ್ನುವುದು ಆ ಪದದಲ್ಲೇ ಇದೆ. ‘ಬಳಕೆದಾರರ ತಲಾ ಹುಟ್ಟುವಳಿ’. ಆದರೆ ಕಂದಾಯ ಇಲಾಖೆಯ ವಾಸನೆ ಸ್ವಲ್ಪ ಜಾಸ್ತಿ, ಬೆಂಗಳೂರಲ್ಲೇ ಬೆಳೆದ ಓದುಗರಿಗೆ ಅರ್ಥವಾಗುತ್ತದೋ ಇಲ್ಲವೋ ಅನ್ನುವ ಅನುಮಾನವೂ ಇದೆ. ಇನ್ನೊಂದು ದಾರಿ ‘ಬಳಕೆದಾರರಿಂದ ತಲಾ ಗಳಿಕೆ’. ಇಲ್ಲಿ ಆ ‘ಇಂದ’ ಬಿಟ್ಟುಹೋದರೆ ಮತ್ತೆ ಮೊದಲಿನ ಗೊಂದಲವೇ, ಮತ್ತು ತಲೆಬರಹ ಹಾಕುವವರು ಮೊದಲು ಕತ್ತರಿಸುವುದೇ ಇಂಥದ್ದನ್ನು.

ಲೆಕ್ಕಪತ್ರ, ಬ್ಯಾಂಕು, ಮಂಡಿ ವ್ಯಾಪಾರದಲ್ಲಿ ಇರುವವರು ಯಾರಾದರೂ ಇದ್ದರೆ ಹೇಳಿ: ಒಬ್ಬರ ಕಡೆಯಿಂದ ಹುಟ್ಟಿ ಇನ್ನೊಬ್ಬರ ಲೆಕ್ಕಕ್ಕೆ ಸೇರುವ ವರಮಾನಕ್ಕೆ ನಿಮ್ಮಲ್ಲಿ ಬಾಯಿಮಾತಿನ ಪದ ಏನಿದೆ? ಉತ್ತರ ಕರ್ನಾಟಕ, ಕರಾವಳಿ ಕಡೆಯ ಪದಗಳಾದರೂ ಸರಿ.