ಪದ ಬೇಕು: ವಿಂಟೇಜ್ ಕಾರು, ಕ್ಲಾಸಿಕ್ ಕಾರು

ಗೆಳೆಯರೇ,
ಪ್ರದರ್ಶನವೊಂದಕ್ಕೆ ಫಲಕ ಬರೆಯುತ್ತಿದ್ದೇನೆ. ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ಒಂದು 1924ರ ಫೋರ್ಡ್ ಮಾಡೆಲ್ ಟಿ: 2.9 ಲೀಟರ್ ಎಂಜಿನ್, 20 ಅಶ್ವಶಕ್ತಿ. ಇನ್ನೊಂದು 1963ರ ಫೋಕ್ಸ್‌ವ್ಯಾಗನ್ ಬೀಟಲ್: 1.2 ಲೀಟರ್, 34 ಅಶ್ವಶಕ್ತಿ. ಮೂಲದಲ್ಲಿ ಮೊದಲನೆಯದಕ್ಕೆ ವಿಂಟೇಜ್, ಎರಡನೆಯದಕ್ಕೆ ಕ್ಲಾಸಿಕ್ ಅಂತಿದೆ. ಎರಡಕ್ಕೂ 'ಹಳೆಯ ಕಾರು' ಅಂದರೆ ಫಲಕವೇ ಬೇಡ, ಅಲ್ವಾ?

* * *

ಇದಕ್ಕೆ ಇಷ್ಟು ಗಡಿಬಿಡಿಯೇ? ಹಳಗನ್ನಡ, ನಡುಗನ್ನಡ ಇದ್ದ ಹಾಗೆ ಹಳಗಾರು, ನಡುಗಾರು. ಆದೇಶ ಸಂಧಿಯೂ ಸರಿ. 'ವಿಂಟೇಜ್' ದ್ರಾಕ್ಷಿ ಕೊಯ್ಲಿನ ಮಾತು. ಲ್ಯಾಟಿನ್ನಿನ ವಿಂಡೇಮಿಯಾದಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ. ಕಬ್ಬಿಣಕ್ಕೆ ಹೆಂಡದ ಲೆಕ್ಕ ಯಾಕೆ? ಅಂದಹಾಗೆ, ಅಶ್ವಶಕ್ತಿ ಅಲ್ಲ, ಕುದುರೆಬಲ.

* * *

> ಹಳಗಾರು, ನಡುಗಾರು

ಮುಂಗಾರು ಗೊತ್ತು, ಹಿಂಗಾರು ಗೊತ್ತು. ನಡುಗಾರು ಯಾವ ತಿಂಗಳ ಮಳೆ? ಅದಿರಲಿ, 'ಕಾರು' ಯಾರದು ಸ್ವಾಮಿ? ಗಾಲ್ ಜನರ ಮಾತಿನಿಂದ ಲ್ಯಾಟಿನ್ನಿಗೆ ಹೋಗಿ ಊರೆಲ್ಲ ಸುತ್ತಿ ಬಂದ ಪದ. ಅದನ್ನು ಇಟ್ಟುಕೊಂಡು ವಿಂಟೇಜ್‌ಗೆ ಮಾತ್ರ ಮಡಿಯೇ?

ವಿಂಟೇಜ್ ಅಂದರೆ ಸುಮ್ನೆ ಹಳೆಯದು ಅಂತಲ್ಲ. ಬ್ರಿಟನ್ನಿನ ಕಾರುಪ್ರಿಯರ ಲೆಕ್ಕದಲ್ಲಿ 1919ರಿಂದ 1930ರವರೆಗೆ ತಯಾರಾದದ್ದು. ಮಾಡೆಲ್ ಟಿ 1908ರಿಂದ 1927ರವರೆಗೆ ಬಂತು, ಎಂಜಿನ್ ಹೆಚ್ಚುಕಡಿಮೆ ಅದೇ. ಆದರೂ 1912ರದ್ದು ವಿಂಟೇಜ್ ಅಲ್ಲ, 1924ರದ್ದು ಹೌದು. ನಿಮ್ಮ ಹಳಗಾರಿನಲ್ಲಿ ಈ ಗೆರೆ ಎಲ್ಲಿದೆ? ಕ್ಲಾಸಿಕ್‌ಗೆ ಇಷ್ಟು ಗಟ್ಟಿ ಗೆರೆ ಇಲ್ಲ, ಒಬ್ಬೊಬ್ಬರದು ಒಂದೊಂದು. ಬೀಟಲ್ ಅಂತೂ 2003ರವರೆಗೆ ತಯಾರಾಯಿತು. ಎರಡು ಪದವನ್ನೂ ಹಾಗೇ ಬಿಟ್ಟು ಇಸವಿ ದಪ್ಪಕ್ಷರದಲ್ಲಿ ಹಾಕಿ.

* * *

ಕಾರು ಎರವಲಾದರೆ ಬಂಡಿ ಅನ್ನಿ. ತೆಲುಗಿನಲ್ಲೂ ಬಂಡಿ, ತಮಿಳಿನಲ್ಲಿ ವಂಡಿ. ಇನ್ನು ಯಾರಾದರೂ ಕ್ಲಾಸಿಕ್‌ಗೆ 'ಅಭಿಜಾತ' ಅಂತ ತರುವ ಮೊದಲೇ ಹೇಳುತ್ತೇನೆ, ಬೇಡ. ಇಂಗ್ಲಿಷ್ ಬಿಟ್ಟು ಸಂಸ್ಕೃತ ಹಿಡಿಯುವುದು ಒಬ್ಬರ ಸಾಲ ತೀರಿಸಲು ಇನ್ನೊಬ್ಬರ ಹತ್ತಿರ ಸಾಲ ಮಾಡಿದ ಹಾಗೆ.

* * *

ತರುತ್ತೇನೆ. ಅಭಿಜಾತ. ಕನ್ನಡವನ್ನು ಕ್ಲಾಸಿಕಲ್ ಭಾಷೆ ಅನ್ನಲು ಅದೇ ಪದ ಹಚ್ಚಿಕೊಂಡು ಹೆಮ್ಮೆಪಡುವಾಗ ಎರವಲು ನೆನಪಾಗಲಿಲ್ಲವೇ?

* * *

ಎಲ್ಲರಿಗೂ ವಂದನೆ. ಬರೆದದ್ದು: 'ವಿಂಟೇಜ್ ಕಾರು, 1924', 'ಕ್ಲಾಸಿಕ್ ಕಾರು, 1963'. ಅಶ್ವಶಕ್ತಿ ಹಾಗೇ ಇದೆ. ಈಗ ಇನ್ನೊಂದು ತೊಡಕು. ಬೀಟಲ್‌ಗೆ ಎಂಜಿನ್ ಹಿಂದೆ, ಸಾಮಾನಿಡುವ ಜಾಗ ಮುಂದೆ. 'ಡಿಕ್ಕಿ ಮುಂದೆ' ಅಂತ ಬರೆದರೆ ಎಲ್ಲೋ ಗುದ್ದಿಕೊಂಡ ಕಾರು ಅಂದುಕೊಳ್ಳುವುದಿಲ್ಲವೇ?

* * *

ಗುದ್ದುವ ಡಿಕ್ಕಿ ಬೇರೆ, ಇದು ಬೇರೆ. ಹಿಂದಿನ ಕಾರುಗಳಲ್ಲಿ ಹಿಂಬದಿಯ ಮುಚ್ಚಳ ತೆರೆದರೆ ಒಂದು ಸೀಟು ಸಿಗುತ್ತಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಡಿಕ್ಕಿ ಸೀಟ್ ಅನ್ನುತ್ತಿದ್ದರು. ಸೀಟು ಹೋಯಿತು, ಹೆಸರು ನಮ್ಮಲ್ಲಿ ಉಳಿಯಿತು. ಡಿಕ್ಕಿ ಅಂತಲೇ ಬರೆಯಿರಿ. ಬಂಡಿಯವರು ಇದಕ್ಕೊಂದು ಪದ ಕಟ್ಟುವ ಮೊದಲು ಅಚ್ಚಿಗೆ ಕಳಿಸಿಬಿಡಿ.